ಕಡಿವಾಣ ಹಿಡಿದವರು ಯಾರು?

ಮನೆಯ ಹಳೆಯ ಆಲ್ಬಮ್ಮಿನಲ್ಲಿ ಜಟಕಾ ಬಂಡಿಯ ಫೋಟೊ ಇದ್ದರೆ ಒಮ್ಮೆ ತೆಗೆದು ನೋಡಿ. ಬಂಡಿ ಓಡುತ್ತಿರುವುದಿಲ್ಲ. ಕುದುರೆ ನಿಂತಿರುತ್ತದೆ, ಚಕ್ರ ನಿಂತಿರುತ್ತದೆ, ಮನೆಮಂದಿ ಬಂಡಿಯಿಂದ ಇಳಿದು ಅದರ ಪಕ್ಕಕ್ಕೋ ಮುಂದಕ್ಕೋ ಸಾಲಾಗಿ ನಿಂತಿರುತ್ತಾರೆ. ಹಿಂಬದಿಯಲ್ಲಿ ಯಾರೋ ಮಸಿಯಲ್ಲಿ ‘ತಿರುಪತಿಗೆ ಹೊರಟಾಗ’ ಎಂದೋ ‘ಪುಟ್ಟಿಯ ಮದುವೆಗೆ ಹೋಗುವಾಗ’ ಎಂದೋ ಬರೆದಿರುತ್ತಾರೆ. ಹೊರಡುವ ಗಡಿಬಿಡಿ ಮಾತ್ರ ಯಾರ ಮುಖದಲ್ಲೂ ಕಾಣದು. ಪ್ರಯಾಣದ ಚಿತ್ರವೆಂದು ಎರಡು ಮೂರು ತಲೆಮಾರು ಜೋಪಾನ ಮಾಡಿಕೊಂಡು ಬಂದದ್ದು ಅಸಲಿಗೆ ಪ್ರಯಾಣವನ್ನು ತಡೆದು ನಿಲ್ಲಿಸಿದ ಚಿತ್ರ.

ನಿಲ್ಲಿಸಿದ್ದು ಯಾರು ಎಂದು ಕೇಳಿಕೊಂಡು ಮತ್ತೆ ನೋಡಿದರೆ ಅದೇ ಫೋಟೊ ಬೇರೆಯಾಗಿ ಕಾಣತೊಡಗುತ್ತದೆ. ಕ್ಯಾಮೆರಾ ಹಿಡಿದವರು ‘ಅಲ್ಲಾಡಬೇಡಿ’ ಎಂದು ಮನುಷ್ಯರಿಗೆ ಹೇಳಬಹುದು, ಕುದುರೆಗೆ ಹೇಳಲಾಗದು. ಕುದುರೆಗೆ ಹೇಳಬಲ್ಲವರು ಅಲ್ಲಿ ಒಬ್ಬರೇ, ಬಂಡಿ ಹೊಡೆಯುವ ಸಾಹೇಬರು. ಅವರು ಚಿತ್ರದ ಒಂದು ಅಂಚಿನಲ್ಲಿ, ಕುದುರೆಯ ಮುಖಕ್ಕೆ ಹತ್ತಿರವಾಗಿ, ಕಡಿವಾಣ ಹಿಡಿದು ನಿಂತಿರುತ್ತಾರೆ. ಎಷ್ಟೋ ಸಲ ಅರ್ಧ ದೇಹವಷ್ಟೇ ಚೌಕಟ್ಟಿನೊಳಗೆ ಬಂದಿರುತ್ತದೆ. ಕೆಲವು ಚಿತ್ರಗಳಲ್ಲಿ ಒಂದು ಕೈ ಮಾತ್ರ. ಹಿಂಬದಿಯ ಬರಹದಲ್ಲಿ ಎಡದಿಂದ ಬಲಕ್ಕೆ ಎಲ್ಲರ ಹೆಸರೂ, ಮಡಿಲಲ್ಲಿರುವ ಕೂಸಿನ ಹೆಸರೂ ಇರುತ್ತದೆ. ಅವರದು ಇರುವುದಿಲ್ಲ.

ಕುದುರೆ ನಿಲ್ಲಲೇಬೇಕಿತ್ತೆ? ನಿಲ್ಲಲೇಬೇಕಿತ್ತು. 1900ರಲ್ಲಿ ಈಸ್ಟ್‌ಮನ್ ಕೊಡಾಕ್ ಕಂಪನಿ ‘ಬ್ರೌನಿ’ ಎಂಬ ಪೆಟ್ಟಿಗೆ ಕ್ಯಾಮೆರಾವನ್ನು ಒಂದು ಡಾಲರಿಗೆ ಮಾರಾಟಕ್ಕಿಟ್ಟಿತು. ಫೋಟೊ ತೆಗೆಯುವುದು ಸ್ಟುಡಿಯೊದವರ ವಿದ್ಯೆಯಾಗಿದ್ದದ್ದು ಆಮೇಲೆ ಮನೆಮನೆಯ ಹವ್ಯಾಸವಾಯಿತು. ನಮ್ಮಲ್ಲೂ ಸ್ವಲ್ಪ ಅನುಕೂಲಸ್ಥ ಮನೆಗಳಿಗೆ ಅದರ ಜಾತಿಯ ಕಪ್ಪು ಪೆಟ್ಟಿಗೆಗಳು ಬಂದವು. ಇಂಥ ಕ್ಯಾಮೆರಾದ ಷಟರು ತೆರೆದು ಮುಚ್ಚಲು ಹೆಚ್ಚುಕಡಿಮೆ ಸೆಕೆಂಡಿನ ನಲವತ್ತರಲ್ಲೊಂದು ಪಾಲು ಹಿಡಿಯುತ್ತದೆ. ಅಷ್ಟು ಸಾಲದೇ ಎಂದರೆ ಲೆಕ್ಕ ಹಾಕಿ ನೋಡಿ. ಗಂಟೆಗೆ 12 ಕಿಲೋಮೀಟರಿನಂತೆ ಓಡಿ ಬರುವ ಕುದುರೆ ಸೆಕೆಂಡಿಗೆ ಮೂರು ಮೀಟರಿಗೂ ಹೆಚ್ಚು ಸಾಗುತ್ತದೆ; ಷಟರು ತೆರೆದ ಆ ಚೂರು ಕಾಲದಲ್ಲಿ ಸುಮಾರು ಎಂಟು ಸೆಂಟಿಮೀಟರು. ಇದು ಮೈಯ ಲೆಕ್ಕ. ಮುಂದಕ್ಕೆ ಬೀಸುವ ಕಾಲಿನದು ಇನ್ನೂ ಜಾಸ್ತಿ. ಓಡುವ ಬಂಡಿಗೆ ಪೆಟ್ಟಿಗೆ ಕ್ಯಾಮೆರಾ ಗುರಿಯಿಟ್ಟರೆ ಹಿಂದಿನ ಕಾಂಪೌಂಡು, ಮಾವಿನ ಮರ ಚೊಕ್ಕವಾಗಿ ಬಂದು, ನಡುವೆ ಕಾಲಿಲ್ಲದ ಒಂದು ಬೂದು ಪ್ರಾಣಿ ತೇಲುತ್ತದೆ. ರೀಲಿಗೆ ದುಡ್ಡು ಕೊಟ್ಟ ಯಜಮಾನರು ಅಂಥ ಪ್ರಯೋಗಕ್ಕೆ ಒಪ್ಪುವವರಲ್ಲ.

ಮೊದಮೊದಲಿನ ಕ್ಯಾಮೆರಾಗಳಿಗೆ ಹೋಲಿಸಿದರೆ ಬ್ರೌನಿಯದು ಮಿಂಚಿನ ವೇಗ. 1838ರಲ್ಲಿ ಫೋಟೊಗ್ರಫಿಯ ಆದ್ಯರಲ್ಲೊಬ್ಬನಾದ ಲೂಯಿ ದಗೇರ್ ಪ್ಯಾರಿಸಿನ ಬುಲೆವಾರ್ ದು ತಾಂಪ್ಲ್ ಎಂಬ ಬೀದಿಯನ್ನು ಎತ್ತರದ ಕಿಟಕಿಯೊಂದರಿಂದ ಚಿತ್ರಿಸಿದ. ನಾಟಕಶಾಲೆಗಳಿಂದ ತುಂಬಿದ, ಹಗಲೆಲ್ಲ ಕುದುರೆಗಾಡಿಗಳು ಓಡಾಡುತ್ತಿದ್ದ ಬೀದಿ ಅದು. ಚಿತ್ರದಲ್ಲಿ ಒಂದು ಗಾಡಿಯೂ ಇಲ್ಲ. ಕ್ಯಾಮೆರಾದೊಳಗಿನ ತಟ್ಟೆಯ ಮೇಲೆ ಬಿಂಬ ಮೂಡಲು ಹಲವು ನಿಮಿಷ ಬೇಕಾಗಿದ್ದರಿಂದ ಚಲಿಸಿದ್ದೆಲ್ಲ ಅಳಿಸಿಹೋಯಿತು. ಮೂಲೆಯಲ್ಲಿ ಬೂಟು ಪಾಲಿಶ್ ಮಾಡಿಸಿಕೊಳ್ಳಲು ಕಾಲಿಟ್ಟು ನಿಂತಿದ್ದ ಒಬ್ಬನು ಉಳಿದುಕೊಂಡ. ಫೋಟೊದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯನೆಂದು ಅವನನ್ನೇ ಈಗ ತೋರಿಸುತ್ತಾರೆ. ಪಾಲಿಶ್ ಮಾಡುತ್ತಿದ್ದವನು ಮಸುಕು ಮಸುಕು. ಗಾಡಿ ಹೊಡೆಯುತ್ತಿದ್ದವರಂತೂ ಲೆಕ್ಕಕ್ಕೇ ಇಲ್ಲ. ದುಡಿಯುವವರು ಅಲುಗಾಡುತ್ತಾರೆ, ದುಡಿಸಿಕೊಳ್ಳುವವರು ಸುಮ್ಮನೆ ನಿಲ್ಲುತ್ತಾರೆ. ಆ ಕಾಲದ ಕ್ಯಾಮೆರಾಕ್ಕೆ ಸುಮ್ಮನೆ ನಿಂತವರಷ್ಟೇ ಕಂಡರು.

ಕುದುರೆ ಓಡುವುದು ಫೋಟೊದಲ್ಲಿ ಸರಿಯಾಗಿ ಸಿಕ್ಕಿದ್ದು ಅದಾದ ನಲವತ್ತು ವರ್ಷಕ್ಕೆ. 1878ರ ಜೂನಿನಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ, ಲೀಲಂಡ್ ಸ್ಟ್ಯಾನ್‌ಫರ್ಡ್ ಎಂಬ ಸಿರಿವಂತನ ಕುದುರೆ ಫಾರ್ಮಿನಲ್ಲಿ, ಎಡ್ವರ್ಡ್ ಮೈಬ್ರಿಡ್ಜ್ ಎಂಬ ಫೋಟೊಗ್ರಾಫರ್ ಒಂದರ ಪಕ್ಕ ಒಂದರಂತೆ ಕ್ಯಾಮೆರಾಗಳನ್ನು ಸಾಲಿಟ್ಟ. ನಾಲ್ಕೂ ಗೊರಸು ಒಟ್ಟಿಗೆ ನೆಲ ಬಿಡುತ್ತವೆ ಎಂದು ಆ ಚಿತ್ರಗಳು ತೋರಿಸಿಕೊಟ್ಟ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಸರಣಿಯಲ್ಲಿ ಸವಾರನನ್ನು ಹೊತ್ತ ಕುದುರೆಗಿಂತ ಮೊದಲು ಓಡಿದ್ದು ಗಾಡಿ ಎಳೆಯುವ ಕುದುರೆ. ಏಬ್ ಎಡ್ಜಿಂಗ್ಟನ್ ಎಂಬ ಆ ಕುದುರೆ ಎರಡು ಚಕ್ರದ ಹಗುರ ಗಾಡಿಯನ್ನು ಎಳೆದುಕೊಂಡು ಓಡಿ ಬಂತು. ನೆಲದಲ್ಲಿ ಹಾಸಿದ ತಂತಿಗಳನ್ನು ಗಾಡಿಯ ಚಕ್ರ ತುಳಿದಂತೆ ಒಂದೊಂದು ಕ್ಯಾಮೆರಾದ ಷಟರು ಬಿತ್ತು. ಈ ಚಿತ್ರಗಳನ್ನು ರಟ್ಟಿಗಂಟಿಸಿ ಮಾರಿದರಲ್ಲ, ಅದರ ಕೆಳಗೆ ಕುದುರೆಯ ಹೆಸರು, ಒಡೆಯನ ಹೆಸರು, ಜೊತೆಗೆ ಗಾಡಿ ಹೊಡೆದ ಸಿ. ಮಾರ್ವಿನ್ ಎಂಬುವನ ಹೆಸರೂ ಅಚ್ಚಾಗಿದೆ. ಪಂದ್ಯದ ಲೋಕದಲ್ಲಿ ಹೊಡೆಯುವವನಿಗೂ ಹೆಸರಿತ್ತು, ಸರಿ. ಬಾಡಿಗೆ ಬಂಡಿಯ ಲೋಕದಲ್ಲಿ ಇರಲಿಲ್ಲ.

ಇನ್ನು ನಮ್ಮ ಬಂಡಿಗಳ ವಿಷಯಕ್ಕೆ ಬರೋಣ. ಹಳೇ ಮೈಸೂರಿನ ಕಡೆಯ ಆಲ್ಬಮ್ಮು, ಹುಬ್ಬಳ್ಳಿ–ವಿಜಯಪುರದ ಕಡೆಯ ಆಲ್ಬಮ್ಮು ಎರಡನ್ನೂ ನೋಡಿದವರಿಗೆ ಒಂದು ವ್ಯತ್ಯಾಸ ಹೊಳೆಯಬಹುದು. ಜಟಕಾದಲ್ಲಿ ಬೆಂಚಿಲ್ಲ. ತಟ್ಟಿಯ ಕಮಾನಿನ ಕೆಳಗೆ ಹಲಗೆ, ಹಲಗೆಯ ಮೇಲೆ ಹುಲ್ಲು, ಹುಲ್ಲಿನ ಮೇಲೆ ಗೋಣಿತಾಟೋ ಜಮಖಾನವೋ. ಹಿಂದಿನಿಂದ ಮೆಟ್ಟಿಲಿಟ್ಟು ಹತ್ತಿ, ತಲೆ ತಗ್ಗಿಸಿ ಒಳಗೆ ತೆವಳಿ, ಮಂಡಿ ಮಡಚಿ ಕೂರಬೇಕು. ಕೂತವರ ಮುಖದ ಮೇಲೆ ಬೆಳಕು ಬೀಳುವುದಿಲ್ಲ. ಹೆಂಗಸರಿದ್ದರೆ ಹಿಂದುಗಡೆ ಒಂದು ಪರದೆಯನ್ನೂ ಇಳಿಬಿಡುತ್ತಿದ್ದರು. ಆ ಕಾಲದ ನಿಧಾನದ ಫಿಲ್ಮಿಗೆ ಕಮಾನಿನೊಳಗು ಬರೀ ಕತ್ತಲೆ. ಆದ್ದರಿಂದಲೇ ಫೋಟೊ ಬೇಕೆಂದರೆ ಎಲ್ಲರೂ ಇಳಿಯಲೇಬೇಕು. ಉತ್ತರದ ಕಡೆಯ ಟಾಂಗಾ ಹಾಗಲ್ಲ. ಅದರ ಆಸನ ಬೆನ್ನಿಗೆ ಬೆನ್ನು: ಮುಂದೆ ಹೊಡೆಯುವವರ ಪಕ್ಕದಲ್ಲಿ ಕೂತವರು ದಾರಿ ನೋಡುತ್ತಾರೆ, ಹಿಂದೆ ಕೂತವರು ಬಿಟ್ಟುಬಂದ ಊರು ನೋಡುತ್ತಾರೆ. ಬಂಡಿಯ ಹಿಂದೆ ನಿಂತು ಕ್ಯಾಮೆರಾ ಹಿಡಿದರೆ ಇಬ್ಬರು ಮೂವರ ಮುಖ, ಕಾಲಲ್ಲಿನ ಚಪ್ಪಲಿ, ಮಡಿಲಿನ ಹಣ್ಣಿನ ಬುಟ್ಟಿ ಎಲ್ಲ ಬಿಸಿಲಿನಲ್ಲಿ ನಿಚ್ಚಳ. ಉತ್ತರದ ಜಿಲ್ಲೆಗಳ ಆಲ್ಬಮ್ಮುಗಳಲ್ಲಿ ಜನ ಗಾಡಿಯ ಮೇಲೆ ಕೂತೇ ಇರುವುದು, ಇತ್ತ ಇಳಿದು ನಿಂತಿರುವುದು, ಬಂಡಿಯ ಬಡಗಿಕೆಲಸದಿಂದ ಹುಟ್ಟಿದ ವ್ಯತ್ಯಾಸ. ಮೈಸೂರಿನಲ್ಲಿ ಜಟಕಾ, ಟಾಂಗಾ, ಶಾಪಸಂದ್, ಸಾರೋಟು ಎಲ್ಲ ಇದ್ದವು. ಅಲ್ಲಿನ ಆಲ್ಬಮ್ಮಿನಲ್ಲಿ ಎರಡೂ ತರಹ ಸಿಗುತ್ತದೆ.

ಜಟಕಾ ಎಂದ ಕೂಡಲೇ ಡಿ.ವಿ. ಗುಂಡಪ್ಪನವರ ಪದ್ಯವನ್ನು ಎಳೆತರುವುದು ಕನ್ನಡ ಲೇಖಕರ ಚಾಳಿ. ಅದನ್ನಿಲ್ಲಿ ಬಿಟ್ಟುಬಿಡುತ್ತೇನೆ. ಅದಕ್ಕಿಂತ ಕಡಿಮೆ ಬಳಕೆಯಾಗಿರುವ ಸಂಗತಿಯೊಂದಿದೆ: ಆ ಪದ್ಯವಿರುವ ‘ಮಂಕುತಿಮ್ಮನ ಕಗ್ಗ’ 1943ರಲ್ಲಿ ಪ್ರಕಟವಾಗುವುದಕ್ಕೆ ಎಷ್ಟೋ ಮೊದಲು, ಎಳೆಯ ವಯಸ್ಸಿನಲ್ಲಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದ ಡಿವಿಜಿ ಕೆಲಕಾಲ ಜಟಕಾ ಬಂಡಿಗಳಿಗೆ ಬಣ್ಣ ಬಳಿಯುವ ಕಾರ್ಖಾನೆಯಲ್ಲಿ ದುಡಿದಿದ್ದರು. ಬಂಡಿಗೆ ಬಣ್ಣ ಬಳಿಯುವುದು ಕಾರ್ಖಾನೆ ನಡೆಸುವಷ್ಟು ದೊಡ್ಡ ಕಸುಬಾಗಿತ್ತು. ಕಪ್ಪು ಬಿಳುಪಿನ ಫೋಟೊದಲ್ಲಿ ಆ ಬಣ್ಣವೆಲ್ಲ ಬೂದಿಯಾಗಿರುವುದು ಒಂದು, ಸುಳ್ಳು ಹೇಳುವುದು ಇನ್ನೊಂದು. ಹಳೆಯ ಗಾಜಿನ ಪ್ಲೇಟು, ಮೊದಮೊದಲ ಫಿಲ್ಮುಗಳು ಕೆಂಪು ಬೆಳಕನ್ನು ಗುರುತಿಸುತ್ತಿರಲಿಲ್ಲ. ನೀಲಿಯನ್ನು ಅತಿಯಾಗಿ ಗುರುತಿಸುತ್ತಿದ್ದವು. ಹಾಗಾಗಿ ಹಣೆಯ ಕುಂಕುಮ ಕಪ್ಪು, ಕೆಂಪು ಸೀರೆ ಕಪ್ಪು, ಕೆಂಪು ಬಳಿದ ಚಕ್ರವೂ ಕಪ್ಪು. ನೀಲಿ ಆಕಾಶ ಬರೀ ಬಿಳಿ. ‘ಅಜ್ಜಿಯ ಕಾಲದಲ್ಲಿ ಕಪ್ಪು ಸೀರೆ ಉಡುತ್ತಿದ್ದರೇ’ ಎಂದು ಮೊಮ್ಮಕ್ಕಳು ಹುಬ್ಬೇರಿಸಿದರೆ ಇದನ್ನು ಹೇಳಬಹುದು. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಫಿಲ್ಮು ಬಳಕೆಗೆ ಬಂದದ್ದು 1920–30ರ ದಶಕಗಳಲ್ಲಿ. ಚಿತ್ರದಲ್ಲಿ ಕುಂಕುಮ ಎಷ್ಟು ಕಪ್ಪಗಿದೆ ಎಂಬುದು ಕಾಲ ಊಹಿಸಲು ಒಂದು ಸುಳಿವು.

ಸುಳಿವುಗಳು ಇನ್ನೂ ಬೇಕಾದಷ್ಟಿವೆ. ದಪ್ಪ ರಟ್ಟಿಗೆ ಅಂಟಿಸಿದ ಚಿತ್ರವಾದರೆ ಸಾಮಾನ್ಯವಾಗಿ ಸ್ಟುಡಿಯೊದ್ದು. ರಟ್ಟಿನ ಕೆಳಗೋ ಹಿಂದೋ ಊರು, ಹೆಸರು ಇರುತ್ತದೆ. ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿದ ಸಣ್ಣ ಪ್ರಿಂಟಾದರೆ ಹೆಚ್ಚಾಗಿ 1930ರಿಂದ 60ರ ನಡುವಿನದು. ಚಕ್ರಕ್ಕೆ ಕಬ್ಬಿಣದ ಪಟ್ಟಿಯೋ ರಬ್ಬರೋ, ದೀಪ ಇದೆಯೋ ಇಲ್ಲವೋ, ಗಂಡಸರ ತಲೆಗೆ ಪೇಟವೋ ಕರಿಟೋಪಿಯೋ ಬೋಳು ಕ್ರಾಪೋ, ರವಿಕೆಯ ತೋಳು ಎಷ್ಟುದ್ದ, ಇವನ್ನೆಲ್ಲ ಸೇರಿಸಿ ನೋಡಿದರೆ ಹತ್ತು ವರ್ಷದ ಆಚೀಚೆಗೆ ಕಾಲ ಸಿಕ್ಕೀತು. ಇದೆಲ್ಲ ಮನುಷ್ಯರ ಮತ್ತು ವಸ್ತುಗಳ ಮಾತಾಯಿತು. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಕುದುರೆ ಕೊಡುವ ಸಾಕ್ಷ್ಯ.

ಮೊದಲು ಹಿಂಗಾಲು ನೋಡಿ. ಒಂದು ಹಿಂಗಾಲಿನ ಗೊರಸು ತುದಿಯ ಮೇಲೆ ಮಾತ್ರ ನೆಲ ಮುಟ್ಟಿದ್ದು, ಸೊಂಟ ಆ ಕಡೆಗೆ ಸ್ವಲ್ಪ ಇಳಿದಿದ್ದರೆ, ಕುದುರೆ ನಿಂತು ಬಹಳ ಹೊತ್ತಾಗಿದೆ. ಆ ಕಾಲಿಗೆ ವಿಶ್ರಾಂತಿ ಕೊಡುತ್ತಿದೆ. ಅಂದರೆ ಫೋಟೊದ ಮುಂಚೆ ಒಳ್ಳೆ ರಾದ್ಧಾಂತವೇ ನಡೆದಿರಬೇಕು: ಯಾರದೋ ಜಡೆ ಕಟ್ಟುವುದು ಮುಗಿದಿಲ್ಲ, ಯಾರೋ ಕೋಟು ಹಾಕಿಕೊಳ್ಳಲು ಒಳಗೆ ಓಡಿದ್ದಾರೆ. ಕಿವಿಗಳು ಮಸುಕಾಗಿದ್ದರೆ ನೊಣದ ಕಾಟ. ಒಂದು ಕಿವಿ ಮುಂದಕ್ಕೂ ಇನ್ನೊಂದು ಪಕ್ಕಕ್ಕೂ ತಿರುಗಿದ್ದರೆ, ಪಕ್ಕದಲ್ಲಿ ನಿಂತ ಸಾಹೇಬರ ದನಿಗೆ ಅದು ಕಿವಿಗೊಟ್ಟಿದೆ. ಇನ್ನೊಂದು ತಮಾಷೆ. ಸೂರ್ಯ ಬೆನ್ನ ಹಿಂದಿರಬೇಕು ಎಂಬುದು ಪೆಟ್ಟಿಗೆ ಕ್ಯಾಮೆರಾದ ಮೊದಲ ಪಾಠ. ಹಾಗಾಗಿ ಎದುರಿಗೆ ನಿಂತವರೆಲ್ಲ ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಹಲ್ಲು ಕಚ್ಚಿ, ಕೋರ್ಟಿಗೆ ಹೊರಟವರ ಹಾಗೆ ಕಾಣುತ್ತಾರೆ. ಕಣ್ಣಪಟ್ಟಿ ಕಟ್ಟಿಕೊಂಡ ಕುದುರೆಯೊಂದೇ ನೆಮ್ಮದಿಯಾಗಿರುವುದು.

ಮಕ್ಕಳನ್ನು ಬಂಡಿಯ ಮುಂಭಾಗದಲ್ಲಿ, ಹೊಡೆಯುವವರ ಜಾಗದಲ್ಲಿ ಕೂರಿಸಿ ಫೋಟೊ ತೆಗೆಯುವುದು ಆಗಿನ ಪದ್ಧತಿ. ಎರಡು ಚಕ್ರದ ಬಂಡಿಯಲ್ಲಿ ಭಾರದ ಹಂಚಿಕೆ ಸೂಕ್ಷ್ಮ. ಹಿಂದೆ ಹೆಚ್ಚಾದರೆ ಮುಂದಿನ ಮೂಕಿಮರಗಳು ಮೇಲೆದ್ದು ಕುದುರೆಯ ಹೊಟ್ಟೆಪಟ್ಟಿ ಬಿಗಿಯುತ್ತದೆ. ಮುಂದೆ ಹೆಚ್ಚಾದರೆ ಅದೇ ಮರಗಳು ಬೆನ್ನನ್ನು ಒತ್ತುತ್ತವೆ. ಪ್ರಯಾಣದುದ್ದಕ್ಕೂ ‘ಸ್ವಲ್ಪ ಮುಂದಕ್ಕೆ ಸರೀರಿ ಸ್ವಾಮಿ’, ‘ಅಮ್ಮಾವ್ರೇ, ಹಿಂದಕ್ಕೆ ಒರಗಿ’ ಎನ್ನುತ್ತಿದ್ದ ಸಾಹೇಬರು ಫೋಟೊದ ಹೊತ್ತಿಗೆ ನಾಲ್ಕು ಮಕ್ಕಳು ಮುಂದೆ ಹತ್ತಿ ಕೂತರೂ ತೆಪ್ಪಗಿರುತ್ತಿದ್ದರು. ಅವರ ಮುಷ್ಟಿ ಕಡಿವಾಣವನ್ನು ಅಷ್ಟು ಬಿಗಿಯಾಗಿ ಹಿಡಿದಿರುವುದು ಸುಮ್ಮನಲ್ಲ. ಬೆನ್ನು ನೋಯುತ್ತಿರುವ ಕುದುರೆ ಒಂದು ಹೆಜ್ಜೆ ಮುಂದಿಟ್ಟರೂ ಹಲಗೆಯ ಮೇಲಿರುವ ಮಕ್ಕಳು ಚಕ್ರದ ಕಡೆಗೆ ಉರುಳುತ್ತಾರೆ.

ನಮ್ಮ ಮನೆಯಲ್ಲೂ ಇಂಥದೊಂದಿದೆ. ಮೈಸೂರಿನ ಅಗ್ರಹಾರದ ಬಾಡಿಗೆ ಮನೆಯ ಮುಂದೆ ತೆಗೆದದ್ದು, 1950ರ ದಶಕದ ಆರಂಭದ್ದಿರಬೇಕು. ಸೋದರತ್ತೆ ಅದರಲ್ಲಿ ಆರೇಳು ವರ್ಷದ ಹುಡುಗಿ, ಹಲಗೆಯ ಮೇಲೆ ಎರಡು ಜಡೆ ಇಳಿಬಿಟ್ಟುಕೊಂಡು ಕೂತಿದ್ದಾರೆ. ಹಿಂದೆ ಟ್ರಂಕು, ಹಾಸಿಗೆ ಸುರುಳಿ, ಕೂಜ. ರೈಲಿಗೆ ಹೊತ್ತಾಗಿದ್ದರೂ ದೊಡ್ಡಪ್ಪನಿಗೆ ಸಹೋದ್ಯೋಗಿಯ ಕ್ಯಾಮೆರಾ ಅದೇ ದಿನ ಕೈಗೆ ಸಿಕ್ಕಿತ್ತಂತೆ. ಈಗ ಅತ್ತೆಗೆ ವಯಸ್ಸಾಗಿದೆ, ಕಣ್ಣು ಮಂಜು. ಫೋಟೊವನ್ನು ಮೂಗಿನ ಹತ್ತಿರ ಹಿಡಿದು ಒಬ್ಬೊಬ್ಬರನ್ನೇ ಹೇಳಿದರು. ಕುದುರೆಗೆ ಬಂದಾಗ ಯೋಚಿಸಲೇ ಇಲ್ಲ.

“ಇದು ಮೋತಿ ಕಣೋ. ಬೆಲ್ಲ ಅಂದ್ರೆ ಪ್ರಾಣ ಬಿಡೋದು.”

“ಹಿಡ್ಕೊಂಡಿರೋ ಸಾಹೇಬ್ರ ಹೆಸರೇನತ್ತೆ?”

“ಸಾಹೇಬ್ರು ಅಂತಲೇ ಕರೀತಿದ್ವಿ.”

“ಎಷ್ಟು ವರ್ಷ ಬರ್ತಿದ್ರು?”

“ಅಯ್ಯೋ, ನಾನು ಹುಟ್ಟಿದಾಗ ನಮ್ಮಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೇ ಅವರು. ನನ್ನ ಮದುವೇಲಿ ಬೀಗರನ್ನ ಸ್ಟೇಷನ್ನಿಂದ ಕರ್ಕೊಂಡ್ ಬಂದಿದ್ದೂ ಅವರೇ.” ಸ್ವಲ್ಪ ಹೊತ್ತು ಬಿಟ್ಟು, “ಬಾಡಿಗೆಗೆ ನಮ್ಮಪ್ಪ ಮಾತ್ರ ಪ್ರತಿಸಲಾನೂ ಜಗಳ ಆಡೋರು” ಎಂದರು.

ಹೆರಿಗೆಯಿಂದ ಮದುವೆಯವರೆಗೆ ಬಂದ ಮನುಷ್ಯನ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಕುದುರೆಯದು ಗೊತ್ತು. ಇದರಲ್ಲಿ ನಮ್ಮ ಮನೆಯದೇ ವಿಶೇಷ ಪಾಪವೇನೂ ಇದೆಯೆಂದು ನನಗನಿಸುವುದಿಲ್ಲ. ಹಾಲಿನವರು, ತರಕಾರಿಯವರು, ಅಗಸರು ಹೀಗೆ ಕಸುಬನ್ನೇ ಹೆಸರು ಮಾಡಿಕೊಂಡು ಬಂದ ಊರು ನಮ್ಮದು. ಆದರೂ ಫೋಟೊದಲ್ಲಿ ಒಂದು ಎಳೆ ಸಿಕ್ಕೀತೆಂದು ಭೂತಗನ್ನಡಿ ಹಿಡಿದು ನೋಡಿದಾಗ, ಬಂಡಿಯ ಪಕ್ಕೆಯಲ್ಲಿ ಒಂದು ಸಣ್ಣ ತಗಡಿನ ಬಿಲ್ಲೆ ಕಂಡಿತು. ಬಾಡಿಗೆ ಬಂಡಿಯ ನಂಬರು. ಬ್ರಿಟಿಷ್ ಭಾರತದಲ್ಲಿ 1879ರ ಹ್ಯಾಕ್ನಿ ಕ್ಯಾರಿಯೇಜ್ ಕಾಯಿದೆ ಬಾಡಿಗೆ ಬಂಡಿಗಳಿಗೆ ಲೈಸೆನ್ಸು, ನಂಬರು, ದರ, ಎಷ್ಟು ಜನ ಹತ್ತಬಹುದು ಎಂಬ ನಿಯಮ ಮಾಡುವ ಅಧಿಕಾರವನ್ನು ಮುನಿಸಿಪಾಲಿಟಿಗಳಿಗೆ ಕೊಟ್ಟಿತ್ತು. ಸಂಸ್ಥಾನದ ಊರುಗಳಲ್ಲೂ ಬಂಡಿಗೆ ಬಿಲ್ಲೆ ಹೊಡೆಯುವ ಪದ್ಧತಿ ನಡೆದುಬಂತು. ಹೆಸರು ಬರೆದಿಡದ ಆಲ್ಬಮ್ಮುಗಳಲ್ಲಿ ಸಾಹೇಬರ ಗುರುತು ಉಳಿದಿದ್ದರೆ ಈ ತಗಡಿನಲ್ಲಿ. ನಮ್ಮ ಫೋಟೊದಲ್ಲಿ ಮೊದಲ ಅಂಕಿಯ ಮೇಲೆ ಅತ್ತೆಯ ಲಂಗದ ಅಂಚು ಬಿದ್ದಿದೆ.

ಮದುವೆಯ ಫೋಟೊಗಳ ಕಥೆ ಸ್ವಲ್ಪ ಬೇರೆ. ಅಲ್ಲಿ ಬಂಡಿ ಎಂದರೆ ನಾಲ್ಕು ಚಕ್ರದ ಸಾರೋಟು. ಬಾಡಿಗೆ ಜಾಸ್ತಿ, ಹೂವಿನ ಅಲಂಕಾರ, ಮುಂದೆ ಬ್ಯಾಂಡು, ಅಕ್ಕಪಕ್ಕ ತಲೆಯ ಮೇಲೆ ಗ್ಯಾಸ್‌ಲೈಟು ಹೊತ್ತವರು. ವರನ ಮೆರವಣಿಗೆ ರಾತ್ರಿಯದು. ರಾತ್ರಿ ಫೋಟೊ ಎಂದರೆ ಮ್ಯಾಗ್ನೀಸಿಯಮ್ ಪುಡಿಯನ್ನು ತಟ್ಟೆಯಲ್ಲಿ ಸುರಿದು ಭಗ್ಗನೆ ಉರಿಸುವುದು. 1930ರ ಸುಮಾರಿಗೆ ಗಾಜಿನ ಫ್ಲ್ಯಾಶ್ ಬಲ್ಬು ಬಂದರೂ ಪುಡಿಯ ಬಳಕೆ ಕೂಡಲೇ ನಿಲ್ಲಲಿಲ್ಲ. ಹೊಗೆ, ಸದ್ದು, ಕಣ್ಣು ಕೋರೈಸುವ ಬೆಳಕು: ಕುದುರೆ ಬೆದರಲು ಇನ್ನೇನು ಬೇಕು? ಆದ್ದರಿಂದ ರಾತ್ರಿಯ ಸಾರೋಟಿನ ಚಿತ್ರಗಳಲ್ಲಿ ಕುದುರೆಯ ಎರಡೂ ಪಕ್ಕ ಆಳುಗಳು ನಿಂತಿರುತ್ತಾರೆ. ಕೆಲವದರಲ್ಲಿ ಒಬ್ಬರು ಅಂಗೈಯಿಂದ ಅದರ ಕಣ್ಣು ಮುಚ್ಚಿರುವುದನ್ನೂ ಕಾಣಬಹುದು. ವರ ಮಾತ್ರ ಇದಾವುದರ ಪರಿವೆಯಿಲ್ಲದೆ ಬಾಸಿಂಗದ ಅಡಿಯಿಂದ ಕ್ಯಾಮೆರಾವನ್ನೇ ದಿಟ್ಟಿಸುತ್ತಿರುತ್ತಾನೆ.

ಫೋಟೊ ಮತ್ತು ಮೆರವಣಿಗೆಯ ನಂಟು ನೋಡಬೇಕೆನ್ನುವವರು ಮೈಸೂರು ಅರಮನೆಯ ಕಲ್ಯಾಣ ಮಂಟಪಕ್ಕೆ ಹೋಗಬೇಕು. ಅಲ್ಲಿನ ಗೋಡೆಗಳ ಸುತ್ತ ದಸರಾ ಮೆರವಣಿಗೆಯ 26 ವರ್ಣಚಿತ್ರಗಳಿವೆ. 1934ರಿಂದ 45ರ ನಡುವೆ ಮೈಸೂರಿನ ಕಲಾವಿದರು ಬರೆದ ಇವು ಅಸಲಿ ಫೋಟೊಗಳನ್ನು ಆಧರಿಸಿದವು. ಫೋಟೊಕ್ಕೆ ಇಲ್ಲದ ಬಣ್ಣವನ್ನು ಚಿತ್ರಗಾರರು ತುಂಬಿದರು. ಫೋಟೊದಲ್ಲಿದ್ದ ಮುಖಗಳನ್ನು ಹಾಗೆಯೇ ಉಳಿಸಿಕೊಂಡರು. ಆನೆ, ಅಶ್ವದಳ, ವಾದ್ಯದವರ ನಡುವೆ ಬೀದಿಯ ಬದಿ ನಿಂತ ಜನಸಾಮಾನ್ಯರ ಮುಖಗಳೂ ಒಂದೊಂದೂ ಬೇರೆ ಬೇರೆ. ದರ್ಬಾರಿನ ಚಿತ್ರದಲ್ಲಿ ಬೀದಿಯವರಿಗೆ ಮುಖ ಸಿಕ್ಕಿದ್ದು ಕ್ಯಾಮೆರಾದ ದೆಸೆಯಿಂದ. ಮಹಾರಾಜರ ಮೇಲೆ ಗುರಿಯಿಟ್ಟಿದ್ದರೂ ಕ್ಯಾಮೆರಾಕ್ಕೆ ಸಿಕ್ಕವರೆಲ್ಲ ಒಳಗೆ ಬಂದುಬಿಡುತ್ತಾರೆ, ಅದನ್ನು ತಡೆಯುವುದು ಕಷ್ಟ.

ಬೇಕೆಂದೇ ಗಾಡಿಯವನ ಮೇಲೆ ಕ್ಯಾಮೆರಾ ತಿರುಗಿಸಿದವರೂ ಇದ್ದರು. 1893ರ ಚಳಿಗಾಲದಲ್ಲಿ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಎಂಬ ಫೋಟೊಗ್ರಾಫರ್ ನ್ಯೂಯಾರ್ಕಿನ ಹಿಮ ಬಿದ್ದ ಬೀದಿಯಲ್ಲಿ, ಕೈಯಲ್ಲಿ ಹಿಡಿಯುವ ಕ್ಯಾಮೆರಾದಿಂದ ‘ದಿ ಟರ್ಮಿನಲ್’ ಎಂಬ ಚಿತ್ರ ತೆಗೆದ. ಕುದುರೆ ಎಳೆಯುವ ಟ್ರಾಮು ಕೊನೆಯ ನಿಲ್ದಾಣ ಮುಟ್ಟಿದೆ, ಕುದುರೆಗಳ ಮೈಯಿಂದ ಹಬೆ ಏಳುತ್ತಿದೆ, ಹೊಡೆಯುವವನು ನಮಗೆ ಬೆನ್ನು ಮಾಡಿ ಅವುಗಳ ಆರೈಕೆಯಲ್ಲಿದ್ದಾನೆ. ಪ್ರಯಾಣಿಕರಿಗೆ ಆ ಚಿತ್ರದಲ್ಲಿ ಕೆಲಸವಿಲ್ಲ. ಆದರೆ ಸ್ಟೀಗ್ಲಿಟ್ಸ್ ಬಂಡಿಗೆ ಬಾಡಿಗೆ ಕೊಟ್ಟವನಲ್ಲ, ಬೀದಿಯಲ್ಲಿ ನಿಂತವನು. ಮನೆಯ ಆಲ್ಬಮ್ಮಿನಿಂದ ಅಂಥದನ್ನು ಬಯಸುವುದು ಅನ್ಯಾಯವೇ ಇರಬಹುದು. ಆಲ್ಬಮ್ಮು ಇರುವುದೇ ನಮ್ಮವರನ್ನು ನಾವು ನೋಡಿಕೊಳ್ಳಲು.

ಜಟಕಾದ ಫೋಟೊಗಳು ಇಷ್ಟು ಅಪರೂಪವೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಅರ್ಧ ಶತಮಾನ ನಮ್ಮ ಊರುಗಳಲ್ಲಿ ದಿನಾ ಓಡಾಡಿದ ವಾಹನ, ನೂರು ಮನೆಯಲ್ಲಿ ಹುಡುಕಿದರೆ ನಾಲ್ಕರಲ್ಲಿ ಸಿಕ್ಕರೆ ಹೆಚ್ಚು. ನನಗನಿಸುವ ಕಾರಣ ಸರಳ. ಕ್ಯಾಮೆರಾ ಮಧ್ಯಮ ವರ್ಗದ ಕೈಗೆ ಬರುವ ಹೊತ್ತಿಗೆ ಜಟಕಾ ಹೊರಟುಹೋಗುತ್ತಿತ್ತು. ಬೆಂಗಳೂರಿನಲ್ಲಿ 1940ರಲ್ಲೇ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ 98 ಬಸ್ಸುಗಳೊಂದಿಗೆ ಶುರುವಾಯಿತು. ಆಮೇಲೆ ಸೈಕಲ್ಲು ಅಗ್ಗವಾಯಿತು, ಆಟೊ ಬಂತು. ಗುಜರಾತಿನ ಬರೋಡಾದಲ್ಲಿ ತಯಾರಾದ ಆಗ್ಫಾ ಕ್ಲಿಕ್–3 ಕ್ಯಾಮೆರಾ, ಒಂದು ರೋಲಿಗೆ 12 ಚೌಕದ ಚಿತ್ರ ಕೊಡುವ ಆ ಗಟ್ಟಿಮುಟ್ಟು ಡಬ್ಬ, ಗುಮಾಸ್ತರ ಮನೆ, ಮೇಷ್ಟರ ಮನೆಗಳಿಗೆ ಬಂದದ್ದು 1960ರ ದಶಕದಿಂದೀಚೆಗೆ. ಅಷ್ಟರಲ್ಲಿ ಜಟಕಾದಲ್ಲಿ ಹೋಗುವುದು ಹೇಳಿಕೊಳ್ಳುವ ವಿಷಯವಾಗಿ ಉಳಿದಿರಲಿಲ್ಲ. ಆ ಚೌಕದ ಚಿತ್ರಗಳಲ್ಲಿ ಎಲ್ಲರೂ ಸ್ಕೂಟರಿನ ಪಕ್ಕ ನಿಂತಿದ್ದಾರೆ, ಸ್ಕೂಟರು ಬಹಳ ಸಲ ಪಕ್ಕದ ಮನೆಯದು. ದಿನಬಳಕೆಯ ವಸ್ತುವಿಗೆ ಯಾರೂ ಫಿಲ್ಮು ಖರ್ಚು ಮಾಡುವುದಿಲ್ಲ. ಜಟಕಾದ ಚಿತ್ರ ಸಿಕ್ಕರೆ, ಆ ದಿನ ಮನೆಯಲ್ಲಿ ಏನೋ ವಿಶೇಷವಿತ್ತು ಎಂದೇ ಅರ್ಥ.

ಅದೃಷ್ಟಕ್ಕೆ ಅಂಥದೊಂದು ಕೈಗೆ ಸಿಕ್ಕರೆ ಕೆಲವು ಮಾತು. ಲ್ಯಾಮಿನೇಷನ್ ಮಾಡಿಸಬೇಡಿ, ಅಂಟಿದ ಪ್ಲಾಸ್ಟಿಕ್ಕನ್ನು ಮುಂದೆ ಬಿಡಿಸಲಾಗದು. ಹರಿದಿದ್ದರೆ ಸೆಲ್ಲೊ ಟೇಪು ಹಚ್ಚಬೇಡಿ, ಹಳದಿಯಾಗಿ ಕಲೆ ಉಳಿಸುತ್ತದೆ. ಅಂಟಿನ ಹಾಳೆಯ ಆಲ್ಬಮ್ಮಿನಿಂದ ಹೊರತೆಗೆದು, ತೇವ ತಾಗದ ಕಡೆ ಕಾಗದದ ಲಕೋಟೆಯಲ್ಲಿಡಿ. ಹಿಂದೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬರೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಕ್ಯಾನ್ ಮಾಡುವಾಗ ಅಂಚಿನಿಂದ ಅಂಚಿಗೆ ಪೂರ್ತಿ ಮಾಡಿ, 600 ಡಿಪಿಐಗೆ ಕಡಿಮೆ ಬೇಡ. ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಹಾಕುವ ಮುಂಚೆ ‘ಬೇಡದ್ದನ್ನು’ ಕತ್ತರಿಸುವ ಚಪಲ ಎಲ್ಲರಿಗೂ ಇರುತ್ತದೆ, ಮೊದಲು ಕತ್ತರಿ ಬೀಳುವುದು ಕಡಿವಾಣ ಹಿಡಿದ ಕೈಯ ಮೇಲೆ. ನಮ್ಮ ಮನೆಯ ಆ ಫೋಟೊ ಒಮ್ಮೆ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದಾಗ ಹಾಗೇ ಆಯಿತು. ಗೋಡೆಯ ಮೇಲಿನ ಪ್ರತಿಯಲ್ಲಿ ಮೋತಿಯ ಮೂಗೂ ಇಲ್ಲ, ಸಾಹೇಬರೂ ಇಲ್ಲ.

ಈ ಫೋಟೊಗಳಲ್ಲಿ ತಲೆ ಎಣಿಸುವ ಆಟವೂ ಚೆನ್ನಾಗಿದೆ. ಎಳೆಯುವ ಮತ್ತು ಹೊರುವ ಪ್ರಾಣಿಗಳ ಬಗ್ಗೆ ಕೇಂದ್ರ ಸರ್ಕಾರ 1965ರಲ್ಲಿ ಮಾಡಿದ ನಿಯಮಗಳು ಇಂದಿಗೂ ಇವೆ. ಬಂಡಿಯಲ್ಲಿ ಹೊಡೆಯುವವರನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ಕೇ ಜನ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತೆಯೇ ಇಲ್ಲ. ಹಳೆಯ ಫೋಟೊಗಳಲ್ಲಿ ಬಂಡಿಯ ಪಕ್ಕ ನಿಂತವರನ್ನು ಎಣಿಸಿದರೆ ಏಳು, ಎಂಟು, ಮೇಲೆ ಟ್ರಂಕು. ಅಷ್ಟೂ ಜನ ಅದೇ ಬಂಡಿಗೆ ಹತ್ತಿದರೆಂದು ಹೇಳಲು ಬರುವುದಿಲ್ಲವೆನ್ನಿ. ಬೀಳ್ಕೊಡಲು ಬಂದವರೂ ಚಿತ್ರಕ್ಕೆ ನಿಲ್ಲುತ್ತಿದ್ದರು. ಜಟಕಾದ ಕಾಲವನ್ನು ನೆನೆದು ಕರಗುವವರು, ಮೂಳೆ ಕಾಣುವ ಆ ಕುದುರೆಗಳ ಪಕ್ಕೆಯನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಮುಂಬೈಯ ವಿಕ್ಟೋರಿಯಾ ಗಾಡಿಗಳ ಮೋಜಿನ ಸವಾರಿ ಕಾನೂನುಬಾಹಿರವೆಂದು ಬಾಂಬೆ ಹೈಕೋರ್ಟು 2015ರಲ್ಲಿ ಹೇಳಿದ್ದರ ಹಿಂದೆಯೂ ಕುದುರೆಗಳ ಪಾಡಿನ ದೂರೇ ಇತ್ತು.

ಮೈಸೂರಿನಲ್ಲಿ ಟಾಂಗಾ ಇನ್ನೂ ಇದೆ, ಬೆರಳೆಣಿಕೆಯಷ್ಟಾದರೂ. ದಸರಾ ಬಂದರೆ ಪುರಾತತ್ವ ಇಲಾಖೆಯವರು ಪಾರಂಪರಿಕ ಟಾಂಗಾ ಸವಾರಿ ಏರ್ಪಡಿಸುತ್ತಾರೆ; ದಂಪತಿಗಳು ಪಂಚೆ, ಪೇಟ, ರೇಷ್ಮೆ ಸೀರೆ ಉಟ್ಟು ಹಳೆಯ ಕಟ್ಟಡಗಳನ್ನು ಸುತ್ತಿ ಬರುತ್ತಾರೆ. ಪತ್ರಿಕೆಗಳಿಗೆ ಅವತ್ತು ಒಳ್ಳೆಯ ಚಿತ್ರ ಸಿಗುತ್ತದೆ. ಉಳಿದ ದಿನಗಳಲ್ಲಿ ಅರಮನೆಯ ಸುತ್ತ ಗಿರಾಕಿಗಾಗಿ ಕಾಯುವ ಗಾಡಿಗಳ ಹತ್ತಿರ ಹೋಗಿ ನಿಂತರೆ ಫೋಟೊದ ವ್ಯವಹಾರ ಎಷ್ಟು ತಿರುಗಿಬಿಟ್ಟಿದೆ ಎಂದು ಗೊತ್ತಾಗುತ್ತದೆ. ಕಳೆದ ಸಲ ನಾನು ನೋಡಿದಾಗ ಹೊರ ರಾಜ್ಯದ ಒಂದು ಸಂಸಾರ ಹತ್ತಿ ಕೂತಿತ್ತು. ಎಲ್ಲರೂ ಚಿತ್ರದಲ್ಲಿ ಬರಬೇಕು, ತೆಗೆಯುವವರು ಬೇಕು. ಯಜಮಾನರು ಫೋನನ್ನು ಗಾಡಿಯವರ ಕೈಗೆ ಕೊಟ್ಟರು, ಲಗಾಮನ್ನು ಹತ್ತು ವರ್ಷದ ಮಗಳ ಕೈಗೆ. ಗಾಡಿಯವರು ರಸ್ತೆಯ ಆಚೆ ಬದಿಗೆ ಹೋಗಿ, ಫೋನನ್ನು ಅಡ್ಡ ಹಿಡಿದು, ಕುದುರೆಯ ಮುಖವೂ ಅರಮನೆಯ ಗುಮ್ಮಟವೂ ಒಟ್ಟಿಗೆ ಬರುವ ಜಾಗವನ್ನು ಹುಡುಕುವ ಶ್ರಮವಿಲ್ಲದೆ ನೇರ ಅಲ್ಲೇ ನಿಂತರು. ಮೂರು ಫೋಟೊ ತೆಗೆದು, ಮಗುವನ್ನು ಉದ್ದೇಶಿಸಿ ಹಿಂದಿಯಲ್ಲಿ ಲಗಾಮು ಜಗ್ಗಬೇಡವೆಂದು ಗದರಿ, ಯಜಮಾನರಿಗೆ ಕೈ ಕೆಳಗಿಳಿಸಲು ಸನ್ನೆ ಮಾಡಿ, ನಾಲ್ಕನೆಯದನ್ನೂ ತೆಗೆದರು. ಫೋನು ಹಿಂದಿರುಗಿಸುವಾಗ ನಾಲ್ಕನೆಯದೇ ಚೆನ್ನಾಗಿದೆ, ಉಳಿದದ್ದು ಅಳಿಸಿಬಿಡಿ ಎಂದೂ ಹೇಳಿದರು.